ನೀಲವ್ವನ ‘ಪೆನ್ಸಿಲಿನ್ ನೋ’

ಪಕ್ಕದ ಮನೆಯ ಹುಡುಗನಿಗೆ ಗಂಟಲು ನೋವು. ಅವನ ಅಮ್ಮ ಔಷಧದ ಬಾಟಲಿ ಹಿಡಿದು ನಮ್ಮ ಬಾಗಿಲಿಗೆ ಬಂದು, “ಆಂಟಿ, ಇದನ್ನ ಫ್ರಿಜ್‌ನಲ್ಲೇ ಇಡ್ಬೇಕಾ? ಊಟಕ್ಕೆ ಮುಂಚೆ ಕೊಡ್ಲಾ, ಆಮೇಲೆ ಕೊಡ್ಲಾ?” ಎಂದಳು. ನ್ಯೂಜೆರ್ಸಿಯ ಮನ್ರೋ ಊರಿನ ನಮ್ಮ ಬೀದಿಯಲ್ಲಿ ಹತ್ತು ಮನೆಗೆ ಏಳು ಮನೆ ನಮ್ಮವರದ್ದೇ. ಅವರ ಪಾಲಿಗೆ ನಾನು ಇಪ್ಪತ್ತನಾಲ್ಕು ಗಂಟೆ ತೆರೆದಿರುವ ದವಾಖಾನೆ. ಬಾಟಲಿಯ ಮುಚ್ಚಳ ತೆಗೆದೆ. ಗುಲಾಬಿ ಬಣ್ಣದ ಅಮಾಕ್ಸಿಸಿಲಿನ್. ಹುಡುಗ ಮೂಗು ತಂದು, “ಇಟ್ ಸ್ಮೆಲ್ಸ್ ಲೈಕ್ ಬಬಲ್ ಗಮ್” ಎಂದ. ಕಂಪನಿಯವರು ಎಷ್ಟೇ ಸಿಹಿ ವಾಸನೆ ಬೆರೆಸಿದರೂ ಅದರ ಕೆಳಗೆ ಸಣ್ಣದೊಂದು ಬೂಷ್ಟಿನ ವಾಸನೆ ಉಳಿದೇ ಇರುತ್ತದೆ. ಮಳೆಗಾಲದಲ್ಲಿ ಮರೆತುಬಿಟ್ಟ ಬ್ರೆಡ್ಡಿನ ವಾಸನೆ. ಪೆನ್ಸಿಲಿನ್ ಹುಟ್ಟಿದ್ದೇ ಬೂಷ್ಟಿನಿಂದ ತಾನೆ, ಮನೆತನದ ಗುಣ ಎಲ್ಲಿ ಹೋಗುತ್ತದೆ?

ಆ ವಾಸನೆ ಮೂಗಿಗೆ ಬಿದ್ದಾಗಲೆಲ್ಲ ನನಗೆ ನೀಲವ್ವ ನೆನಪಾಗುತ್ತಾರೆ. ಜೊತೆಗೆ ಆ ಒಂದು ಚಳಿಗಾಲ.

ತೊಂಬತ್ತೊಂಬತ್ತರ ಕೊನೆ. ನಾನು ನ್ಯೂಜೆರ್ಸಿಯ ಒಂದು ಆಸ್ಪತ್ರೆಯಲ್ಲಿ ರೆಸಿಡೆಂಟ್ ಡಾಕ್ಟರ್ ಆಗಿ ದುಡಿಯುತ್ತಿದ್ದೆ. ಮೈಸೂರಿನಲ್ಲಿ ಕಲಿತು, ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಇಲ್ಲಿ ಬಂದು ಮತ್ತೆ ಮೊದಲಿನಿಂದ ಶುರು ಮಾಡಿದವಳು. ಮೂಗಿನ ತುದಿಯಲ್ಲೇ ಕೋಪ. ಆ ವರ್ಷ ಊರಿಗೆ ಊರೇ ಕಂಪ್ಯೂಟರುಗಳ ಹಿಂದೆ ಬಿದ್ದಿತ್ತು. ಹೊಸ ಶತಮಾನ ಹುಟ್ಟಿದ ಕೂಡಲೇ ಯಂತ್ರಗಳಿಗೆ ತಾರೀಖು ತಪ್ಪಿ ಲೋಕವೇ ನಿಂತುಹೋಗುತ್ತದೆ ಎಂಬ ಮಾತು. ಅದನ್ನು ಸರಿಪಡಿಸಲು ನಮ್ಮ ಹುಡುಗರು ವಿಮಾನಗಟ್ಟಲೆ ಬಂದಿಳಿಯುತ್ತಿದ್ದರು, ಅವರ ಹಿಂದೆಯೇ ಹೊಸದಾಗಿ ಮದುವೆಯಾದ ಹೆಂಡತಿಯರು. ಆಸ್ಪತ್ರೆಗೆ ಇಂಗ್ಲಿಷ್ ಬಾರದ ನಮ್ಮವರು ಯಾರೇ ಬರಲಿ, ತೆಲುಗಾಗಲಿ ಮರಾಠಿಯಾಗಲಿ, ನನ್ನ ಪೇಜರ್ ಕೂಗುತ್ತಿತ್ತು. “ನನಗೆ ಬರೋದು ಕನ್ನಡ ಮಾತ್ರ” ಎಂದು ಎಷ್ಟು ಸಲ ಸಿಡುಕಿದರೂ ನರ್ಸುಗಳಿಗೆ ಎಲ್ಲವೂ ಒಂದೇ.

ಡಿಸೆಂಬರಿನ ಒಂದು ಬೆಳಿಗ್ಗೆ ಮಾತ್ರ ನಿಜಕ್ಕೂ ಕನ್ನಡದವರೇ ಬಂದಿದ್ದರು. ಗಿರಿಜಾ, ಬಾಗಲಕೋಟೆ ಕಡೆಯ ಹುಡುಗಿ, ಐದು ತಿಂಗಳ ಬಸುರಿ. ಜ್ವರ. ಎಡ ಮೊಣಕಾಲು ಊದಿ ಮಡಚಲು ಬರುತ್ತಿರಲಿಲ್ಲ. ಎರಡು ದಿನ ಹಿಂದೆ ಊದಿದ್ದು ಬಲಪಾದದ ಕೀಲು, ಅದು ಈಗ ತಾನಾಗಿ ಇಳಿದಿತ್ತು. ಮಂಚದ ಒಂದು ಬದಿಗೆ ಗಂಡ ಮಹಾಂತೇಶ, ಸೊಂಟದಲ್ಲಿ ಅವನದೊಂದು ಪೇಜರ್. ಇನ್ನೊಂದು ಬದಿಗೆ ಬಾಣಂತನಕ್ಕೆಂದು ಮುಂಚೆಯೇ ಬಂದಿದ್ದ ತಾಯಿ ನೀಲವ್ವ. ಇಳಕಲ್ ಸೀರೆ, ಅದರ ಮೇಲೆ ಅಳಿಯನ ದೊಗಳೆ ಸ್ವೆಟರು, ಕಾಲಿಗೆ ಅಳಿಯನದೇ ಕಾಲುಚೀಲ.

ನಾನು ಬಾಯಿ ತೆರೆಯುವ ಮೊದಲೇ ನೀಲವ್ವ ಎದ್ದು ನಿಂತು, ಕೈ ಅಡ್ಡ ಆಡಿಸುತ್ತ, “ಪೆನ್ಸಿಲಿನ್ ನೋ! ಪೆನ್ಸಿಲಿನ್ ನೋ!” ಎಂದರು.

“ಅಮ್ಮಾ, ನಾನು ಕನ್ನಡದವಳೇ” ಎಂದೆ.

“ಹೌದೇನ ಬಾಯಾರ? ಹಂಗಾರ ಛಲೋ ಆತು. ನಮ್ಮ ಹುಡುಗಿಗೆ ಪೆನ್ಸಿಲಿನ್ ಕೊಡಬ್ಯಾಡ್ರಿ, ಜೀವಕ್ಕ ಕುತ್ತು ಐತಿ” ಎಂದರು.

ಆಕೆಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟೇ. ವಿಮಾನ ಹತ್ತುವ ಮೊದಲು ಮಗನ ಹತ್ತಿರ ಕಲಿತು ಬಾಯಿಪಾಠ ಮಾಡಿಕೊಂಡದ್ದಂತೆ. ನೆಲ ಒರೆಸಲು ಬಂದವನಿಗೂ ಹೇಳಿದರು, ಊಟದ ಟ್ರೇ ತಂದವಳಿಗೂ ಹೇಳಿದರು. ಗಿರಿಜಾಳ ಮಣಿಕಟ್ಟಿಗೆ ಕೆಂಪು ಪಟ್ಟಿ ಕಟ್ಟಿ ಅಲರ್ಜಿ ಎಂದು ಬರೆದದ್ದನ್ನು ತೋರಿಸಿದ ಮೇಲೆಯೇ ಅವರು ಕುಳಿತದ್ದು.

ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟಾಗ ನನಗೆ ಕೇಳಿದ ಸದ್ದು ಮೈಸೂರಿನ ವಾರ್ಡುಗಳಲ್ಲಿ ನೂರಾರು ಸಲ ಕೇಳಿದ್ದು. ನನ್ನ ಜೊತೆಯ ಅಮೆರಿಕನ್ ಹುಡುಗರು ಆ ಕಾಯಿಲೆಯನ್ನು ಪುಸ್ತಕದಲ್ಲಷ್ಟೇ ನೋಡಿದ್ದರು. ಒಬ್ಬೊಬ್ಬರಾಗಿ ಬಂದು ಕೇಳಿಸಿಕೊಂಡು ಹೋದರು. ರುಮ್ಯಾಟಿಕ್ ಜ್ವರ. ಮಕ್ಕಳಿಗೆ ಗಂಟಲು ನೋವು ತರುವ ಒಂದು ಸಾಧಾರಣ ಬ್ಯಾಕ್ಟೀರಿಯ. ಅದನ್ನು ಓಡಿಸಲು ಎದ್ದ ಮೈಯ ಸೈನ್ಯ ದಾರಿ ತಪ್ಪಿ ತನ್ನದೇ ಕೀಲುಗಳ ಮೇಲೆ, ಹೃದಯದ ಮೇಲೆ ಬೀಳುತ್ತದೆ. ಕೀಲು ವಾಸಿಯಾಗುತ್ತದೆ. ಹೃದಯದ ಕವಾಟ ವಾಸಿಯಾಗುವುದಿಲ್ಲ, ಗಟ್ಟಿಯಾಗಿ ಕಿರಿದಾಗುತ್ತದೆ. ಪ್ರತಿ ಸಲ ಜ್ವರ ಮರುಕಳಿಸಿದಾಗಲೂ ಇನ್ನಷ್ಟು ಕಿರಿದು.

ಗಿರಿಜಾಳಿಗೆ ಇದು ಮೂರನೆಯ ಸಲ. ಮೊದಲ ಸಲ ಬಂದದ್ದು ಹನ್ನೊಂದರ ವಯಸ್ಸಿನಲ್ಲಿ. ಆಗ ಊರಿನ ಡಾಕ್ಟರು ಸರಿಯಾದ ಮದ್ದನ್ನೇ ಶುರು ಮಾಡಿದ್ದರು, ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದು. ಎರಡು ವರ್ಷ ಚೆನ್ನಾಗಿತ್ತು. ಆಮೇಲೊಂದು ದಿನ ಚುಚ್ಚುಮದ್ದಿಗೆ ಮುಂಚೆ ಕೊಡುವ ಟೆಸ್ಟ್ ಡೋಸ್ ಕೆಂಪಗೆ ಉಬ್ಬಿತು. ನಮ್ಮ ಕಡೆ ಬೆಳೆದವರಿಗೆಲ್ಲ ಅದು ಗೊತ್ತು. ಮುಂಗೈ ಚರ್ಮದೊಳಗೆ ಒಂದು ಹನಿ ಚುಚ್ಚಿ, ಸುತ್ತ ಪೆನ್ನಿನಿಂದ ಗೆರೆ ಎಳೆದು, ಹೊರಗೆ ಬೆಂಚಿನ ಮೇಲೆ ಅರ್ಧ ಗಂಟೆ ಕೂರಿಸುತ್ತಾರೆ. ಉಬ್ಬಿದರೆ ಇಂಜೆಕ್ಷನ್ ಇಲ್ಲ. ಅಂದು ಕಂಪೌಂಡರ್ ಆ ಗುರುತು ನೋಡಿ ಹೌಹಾರಿ, “ಇನ್ನೊಮ್ಮೆ ಕೊಟ್ರ ಹುಡುಗಿ ಉಳಿಯಂಗಿಲ್ಲ, ಹುಷಾರ್” ಎಂದು ನೀಲವ್ವನನ್ನು ಕಳಿಸಿದ್ದ. ಚುಚ್ಚುಮದ್ದು ನಿಂತಿತು. ಬದಲಿಗೆ ಕೊಟ್ಟ ಮಾತ್ರೆಗಳು ಒಂದಿಷ್ಟು ದಿನ ಸಿಕ್ಕವು, ಒಂದಿಷ್ಟು ದಿನ ಸಿಗಲಿಲ್ಲ. ಹದಿನೈದಕ್ಕೆ ಜ್ವರ ಮತ್ತೆ ಬಂತು, ಕವಾಟ ಕಿರಿದಾಯಿತು. ಈಗ ಜೆರ್ಸಿ ಸಿಟಿಯಲ್ಲಿ ಗಂಟಲು ನೋವೆಂದು ಹೋದಾಗ ಅಲ್ಲಿನವರೂ ಅಲರ್ಜಿಯ ಮಾತು ಕೇಳಿ ಎರಿತ್ರೋಮೈಸಿನ್ ಕೊಟ್ಟಿದ್ದರು. ಅದು ಮೊದಲೇ ಹೊಟ್ಟೆ ತೊಳಸುವ ಔಷಧ, ಬಸುರಿ ಬೇರೆ. ನುಂಗಿದ್ದೆಲ್ಲ ವಾಂತಿಯಾಗಿ ಗಿರಿಜಾ ನಿಲ್ಲಿಸಿಬಿಟ್ಟಿದ್ದಳು.

ನಮ್ಮ ಹಿರಿಯ ಡಾಕ್ಟರು ನನ್ನನ್ನು ಕಾರಿಡಾರಿಗೆ ಕರೆದು ಮೆಲ್ಲಗೆ ಹೇಳಿದರು. ಈ ಬಸಿರನ್ನು ಆಕೆಯ ಹೃದಯ ಹೇಗೋ ತಡೆದುಕೊಳ್ಳಬಹುದು. ಆದರೆ ಹೆರಿಗೆಗೆ ಮುಂಚೆ ಇನ್ನೊಂದು ಸಲ ಈ ಜ್ವರ ಬಂದರೆ ತಾಯಿ, ಮಗು ಇಬ್ಬರ ಬಗ್ಗೆಯೂ ಭರವಸೆ ಕೊಡಲಾರೆ. ಅದನ್ನು ಖಚಿತವಾಗಿ ತಡೆಯುವುದು ಆ ಚುಚ್ಚುಮದ್ದೇ. ಚಿಕ್ಕಂದಿನಲ್ಲಿ ಅಲರ್ಜಿ ಎಂದು ಬರೆಸಿಕೊಂಡವರಲ್ಲಿ ಬಹಳಷ್ಟು ಜನರಿಗೆ ಆಮೇಲೆ ಏನೂ ಇರುವುದಿಲ್ಲ. ಇಲ್ಲಿ ಚರ್ಮದ ಮೇಲೆ ಸರಿಯಾದ ಪರೀಕ್ಷೆ ಮಾಡಿ ನೋಡೋಣ, ಒಪ್ಪಿಸು.

ಒಪ್ಪಿಸುವುದು! ನೀಲವ್ವ ಮಂಚಕ್ಕೆ ಅಡ್ಡ ನಿಂತುಬಿಟ್ಟರು.

“ಬ್ಯಾಡ್ರಿ ಬಾಯಾರ. ನೀವು ಕಲ್ತಾವ್ರು, ಇಲ್ಲನ್ನಂಗಿಲ್ಲ. ಆದ್ರ ನಾ ಕಣ್ಣಾರೆ ಕಂಡೀನಿ. ಕೈ ಹೆಂಗ ಕೆಂಪಾಗಿತ್ತಂದ್ರ, ಬೆಂಕಿ ಇಟ್ಟಂಗ. ಇದು ನನ್ನ ರಕ್ತದ ದೋಷ. ನಮ್ಮವ್ವಗೂ ಒಂದು ಗುಳಿಗಿ ಆಗಿ ಬರ್ತಿರಲಿಲ್ಲ. ನನ್ನಿಂದ ಈಕಿಗೆ ಬಂತು, ಈಕಿಯಿಂದ ಕೂಸಿಗೂ ಬರತೈತೋ ಏನೋ.”

ಮಹಾಂತೇಶ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, “ಅತ್ತಿ ಹೇಳೋದೂ ಖರೆ, ನೀವು ಹೇಳೋದೂ ಖರೆ” ಎಂದ. ಗಿರಿಜಾಳನ್ನು ಕೇಳಿದರೆ, “ಅವ್ವ ಬ್ಯಾಡಂದ್ರ ಬ್ಯಾಡ” ಎಂದು ಗೋಡೆಯ ಕಡೆ ತಿರುಗಿದಳು. ನನಗೆ ಕೋಪ ನೆತ್ತಿಗೇರಿತು. ಅಷ್ಟು ಜೋರಾಗಿ ಬಾಗಿಲು ಎಳೆದುಕೊಂಡು ಹೋದೆನೆಂದರೆ ನರ್ಸ್ ರೋಸಾ ನನಗೊಂದು ಚಾಕಲೇಟು ಕೊಟ್ಟು ಕೂರಿಸಿದಳು. ಎಕ್ವಡಾರ್ ದೇಶದಿಂದ ಬಂದ ದಪ್ಪ ಹೆಂಗಸು, ಯಾರಾದರೂ ಸಿಟ್ಟಾದರೆ ಹಸಿವೆಯಾಗಿದೆ ಎಂದೇ ತಿಳಿಯುತ್ತಿದ್ದಳು.

ಮರುದಿನ ಮಧ್ಯಾಹ್ನ ನೀಲವ್ವ ಅಳಿಯನ ಜೊತೆ ಕೆಳಗೆ ಕ್ಯಾಂಟೀನಿಗೆ ಹೋಗಿದ್ದರು. ಹೊರಗೆ ಹಿಮ ಬೀಳುತ್ತಿತ್ತು. ನಾನು ಗಿರಿಜಾಳ ಪಕ್ಕ ಕುಳಿತು, ಈ ಸಲ ಗದರದೆ, ಪೆನ್ಸಿಲಿನ್ ಏನು ಮಾಡುತ್ತದೆ ಎಂದು ಹೇಳತೊಡಗಿದೆ. ಬ್ಯಾಕ್ಟೀರಿಯಕ್ಕೆ ತನ್ನ ಸುತ್ತ ಒಂದು ಗೋಡೆ ಬೇಕು. ಗಾರೆ ಮೆತ್ತಿ ಕಲ್ಲು ಕೂಡಿಸುವ ಗೌಂಡಿ ಇದ್ದ ಹಾಗೆ ಅದರೊಳಗೊಂದು ವಸ್ತು ಇದೆ. ಪೆನ್ಸಿಲಿನ್ ಹೋಗಿ ಆ ಗೌಂಡಿಯ ಕೈ ಹಿಡಿದುಕೊಳ್ಳುತ್ತದೆ, ಬಿಡುವುದೇ ಇಲ್ಲ. ಗೋಡೆ ನಿಲ್ಲದೆ ಬ್ಯಾಕ್ಟೀರಿಯ ಒಡೆದು ಹೋಗುತ್ತದೆ. ನಮ್ಮ ಮೈಯ ಕಣಗಳಿಗೆ ಅಂಥ ಗೋಡೆಯೇ ಇಲ್ಲ, ಆದ್ದರಿಂದ ನಮಗಾಗಲಿ ಹೊಟ್ಟೆಯ ಮಗುವಿಗಾಗಲಿ ಅದರ ಗೊಡವೆ ಇಲ್ಲ. ಎಷ್ಟೋ ರೋಗಾಣುಗಳು ಎಷ್ಟೋ ಔಷಧಗಳಿಗೆ ಜಗ್ಗದಂತಾಗಿವೆ. ಆದರೆ ಈ ಗಂಟಲಿನ ರೋಗಾಣು ಇಷ್ಟು ವರ್ಷವಾದರೂ ಪೆನ್ಸಿಲಿನ್‌ನಿಂದ ತಪ್ಪಿಸಿಕೊಳ್ಳುವುದನ್ನು ಕಲಿತಿಲ್ಲ.

“ಮತ್ತ ಮೂರು ವಾರಕ್ಕೊಮ್ಮೆ ಯಾಕ್ರಿ ಚುಚ್ಚೋದು? ಗುಳಿಗಿ ನುಂಗಿದ್ರ ಆಗಂಗಿಲ್ಲೇನು?” ಎಂದು ಕೇಳಿದಳು. ಮೊದಲ ಸಲ ಅವಳಾಗಿ ಬಾಯಿಬಿಟ್ಟದ್ದು.

ಬರೀ ಪೆನ್ಸಿಲಿನ್ ಮೈಯಲ್ಲಿ ನಿಲ್ಲುವುದು ಕೆಲವೇ ಗಂಟೆ, ಮೂತ್ರದಲ್ಲಿ ಹೋಗಿಬಿಡುತ್ತದೆ. ಈ ಚುಚ್ಚುಮದ್ದಿನಲ್ಲಿರುವುದು ಸುಲಭಕ್ಕೆ ಕರಗದ ಜಾತಿ. ಬಾಯಲ್ಲಿಟ್ಟ ಕಲ್ಲುಸಕ್ಕರೆಯ ಹಾಗೆ ಮಾಂಸಖಂಡದಲ್ಲಿ ಕೂತು ಇಷ್ಟಿಷ್ಟೇ ಕರಗಿ ವಾರಗಟ್ಟಲೆ ರಕ್ತಕ್ಕೆ ಇಳಿಯುತ್ತದೆ. ಕರಗದ್ದರಿಂದಲೇ ಅದು ದಪ್ಪ, ದಪ್ಪವಾದ್ದರಿಂದಲೇ ಅಷ್ಟು ನೋವು. ಇದನ್ನೆಲ್ಲ ಹೇಳಿ, ಇಲ್ಲಿಯ ಪರೀಕ್ಷೆ ಊರಿನದರ ಹಾಗಲ್ಲ ಎಂದೆ. ಒಂದು ಚುಕ್ಕೆಯಲ್ಲ, ಹಲವು ಚುಕ್ಕೆ. ಒಂದರಲ್ಲಿ ಖಂಡಿತ ಉಬ್ಬುವ ವಸ್ತು ಹಾಕುತ್ತೇವೆ, ಇನ್ನೊಂದರಲ್ಲಿ ಬರೀ ಉಪ್ಪುನೀರು, ಉಳಿದವುಗಳಲ್ಲಿ ಪೆನ್ಸಿಲಿನ್ನಿನ ಅಂಶ. ಒಂದಕ್ಕೊಂದು ಹೋಲಿಸಿ ನೋಡಬಹುದು.

“ನೀರು ಹಾಕಿದ ಜಾಗಾನೂ ಕೆಂಪಾದ್ರ?”

“ಆಗ ಔಷಧದ್ದೇನೂ ತಪ್ಪಿಲ್ಲ, ಉಜ್ಜಿದ್ದಾರೆ ಅಥವಾ ಕೆರೆದಿದ್ದಾರೆ ಅಂತ ಗೊತ್ತಾಗುತ್ತೆ” ಎಂದೆ. ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿದ್ದು.

ಗಿರಿಜಾಳ ಮುಖ ಬಿಳಿಚಿಕೊಂಡಿತು. ನಾನು ಹೆದರಿ ನಾಡಿ ಹಿಡಿದೆ. ಅವಳು ಆ ಕೈಯನ್ನು ಹಾಗೇ ಬಿಟ್ಟು, ಬಾಗಿಲ ಕಡೆ ನೋಡಿ, ಪಿಸುದನಿಯಲ್ಲಿ ಹೇಳಿದಳು.

“ಅಕ್ಕಾ, ನಾ ತಿಕ್ಕಿದ್ನಿ.”

“ಏನು?”

“ಟೆಸ್ಟ್ ಮಾಡಿದ ಜಾಗ. ದವಾಖಾನಿ ಹೊರಗ ಸುಣ್ಣದ ಗ್ವಾಡಿ ಇತ್ತು, ಖರಖರ ಅಂತಿತ್ತು. ಕೈ ಹಿಂದ ಮಾಡಿ ಅದಕ್ಕ ತಿಕ್ಕಿದ್ನಿ. ಆ ಇಂಜೆಕ್ಷನ್ ಮಾಡಿದ್ರ ನಾಕ್ ದಿನ ಸಾಲಿಗೆ ಕುಂಟ್ಕೋತ ಹೋಗಬೇಕಿತ್ರಿ. ಗೆಳತ್ಯಾರೆಲ್ಲ ನಗ್ತಿದ್ರು. ಉಬ್ಬಿದ್ರ ಮನಿಗಿ ಕಳಿಸ್ತಾರ ಅಂತ ಬಾಜೂಕ ಕುಂತ ಹುಡುಗಿ ಹೇಳಿದ್ಲು. ಒಂದು ಸಲ ತಪ್ಪಿಸ್ಕೊಂಡ್ರ ಸಾಕಂತ ಮಾಡಿದ್ನಿ. ಕಾಯಮ್ ನಿಂತುಬಿಡ್ತೈತಿ ಅಂತ ನನಗೇನ್ ಗೊತ್ರಿ?”

ನನಗೆ ಮೊದಲು ಬಂದದ್ದು ನಗು, ಸುಳ್ಳು ಯಾಕೆ ಹೇಳಲಿ. ಎರಡು ಖಂಡಗಳ ಡಾಕ್ಟರುಗಳನ್ನು ಒಂದು ಸುಣ್ಣದ ಗೋಡೆ ಇಷ್ಟು ವರ್ಷ ಆಟ ಆಡಿಸಿತ್ತಲ್ಲ! ಆಮೇಲೆ ಅವಳ ತುಟಿ ನಡುಗುವುದನ್ನು ಕಂಡು ನಗು ಅಲ್ಲೇ ನಿಂತಿತು. ಹದಿಮೂರರ ಹುಡುಗಿ ಒಂದು ದಿನದ ನೋವು ತಪ್ಪಿಸಿಕೊಳ್ಳಲು ಮಾಡಿದ್ದು. ಹದಿನೈದಕ್ಕೆ ಮತ್ತೆ ಹಾಸಿಗೆ ಹಿಡಿದಾಗ ಅದು ಯಾಕೆ ಬಂತೆಂದು ಗೊತ್ತಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ಉಗುಳಲೂ ಆಗದೆ ನುಂಗಲೂ ಆಗದೆ ಇಷ್ಟು ವರ್ಷ ಕಳೆದಿದ್ದಳು.

“ಯಾರಿಗೂ ಹೇಳಬೇಕಾಗಿಲ್ಲ ಬಿಡು. ವಯಸ್ಸಾದ ಹಾಗೆ ಅಲರ್ಜಿ ತಾನಾಗೇ ಹೋಗುತ್ತೆ ಅಂತ ನಿಮ್ಮ ಅಮ್ಮನಿಗೆ ನಾನು ಹೇಳ್ತೀನಿ. ಅದು ಸುಳ್ಳೂ ಅಲ್ಲ” ಎಂದೆ.

ಅವಳು ತಲೆ ಅಲ್ಲಾಡಿಸಿದಳು. “ಅವ್ವ ನಂಬಂಗಿಲ್ರಿ. ನಂಬಿದ್ರೂ, ತನ್ನ ರಕ್ತಾನ ಕೆಟ್ಟದ್ದು ಅಂತ ಸಾಯೋತನಕಾ ಅಂದ್ಕೋತ ಇರತಾಳ. ನಿನ್ನೆ ಕೂಸಿನ ಮಾತು ಅಂದ್ಲಲ್ಲ, ಅದನ್ನ ಕೇಳಿ ನನಗ ತಡಿಯಾಕ ಆಗವಲ್ದು. ನಾನ ಹೇಳ್ತೀನಿ. ನೀವು ಇಲ್ಲೇ ಇರ್ರಿ.”

ನೀಲವ್ವ ಕಾಗದದ ಲೋಟದಲ್ಲಿ ಮಗಳಿಗೆಂದು ಬಿಸಿ ಹಾಲು ಹಿಡಿದುಕೊಂಡು ಬಂದರು, ಹಿಂದೆ ಮಹಾಂತೇಶ. ಗಿರಿಜಾ ಪೀಠಿಕೆ ಏನೂ ಹಾಕಲಿಲ್ಲ. ಸುಣ್ಣದ ಗೋಡೆ, ಪಕ್ಕದ ಹುಡುಗಿ, ಕೈ ಹಿಂದೆ ಮಾಡಿಕೊಂಡದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, “ನಿನ್ನ ರಕ್ತದಾಗ ಏನೂ ಇಲ್ಲಬೇ ಅವ್ವಾ, ನಾನ ಮಾಡ್ಕೊಂಡಿದ್ದು” ಎಂದು ಮುಖ ಮುಚ್ಚಿಕೊಂಡಳು. ನಾನು ಕಿಟಕಿಯ ಹೊರಗೆ ಹಿಮ ನೋಡುತ್ತ ನಿಂತೆ. ಬೈಗುಳ ಬೀಳುತ್ತದೆ ಎಂದುಕೊಂಡಿದ್ದೆ. ನೀಲವ್ವ ಬಾಯಿ ಜೋರಿನ ಹೆಂಗಸು, ಬೈಯುವ ಹಕ್ಕೂ ಅವರಿಗಿತ್ತು. ಎಷ್ಟು ದವಾಖಾನೆ ಅಲೆದಿದ್ದರೋ, ಎಷ್ಟು ದೇವರಿಗೆ ಕೈ ಮುಗಿದಿದ್ದರೋ.

ಅವರು ಲೋಟವನ್ನು ಮೇಜಿನ ಮೇಲಿಟ್ಟು, ಮಗಳ ಮುಂಗೈ ಎಳೆದುಕೊಂಡು, ಗುರುತು ಇನ್ನೂ ಇದೆಯೇನೋ ಎಂಬಂತೆ ಹೆಬ್ಬೆರಳಿನಿಂದ ಸವರಿದರು.

“ಅಷ್ಟು ನೋಯ್ತಿತ್ತೇನವ್ವಾ ಅದು?” ಎಂದರು. “ನನಗ ತಿಳೀಲಿಲ್ಲ ನೋಡು. ನೀ ಒಂದಿನಾನೂ ಅಳ್ತಿರಲಿಲ್ಲ. ನನ್ನ ಮಗಳು ಗಟ್ಟಿ ಅದಾಳ, ಅಳಂಗಿಲ್ಲ ಅಂತ ನಾನ ಊರಾಗೆಲ್ಲ ಹೇಳ್ಕೋತ ಬರ್ತಿದ್ನಿ.”

ಮಹಾಂತೇಶನ ಪೇಜರ್ ಕೂಗಿತು. ಅವನು ಅದನ್ನು ಸೊಂಟದಿಂದ ಬಿಚ್ಚಿ, ಆರಿಸಿ, ಜೇಬಿಗೆ ಹಾಕಿಕೊಂಡು ಹೆಂಡತಿಯ ಕಾಲ ಬಳಿ ಕುಳಿತ. ಆ ವರ್ಷ ಪೇಜರ್ ಆರಿಸಿದ ಕಂಪ್ಯೂಟರಿನವನನ್ನು ನಾನು ಕಂಡದ್ದು ಅವನೊಬ್ಬನನ್ನೇ.

ಪರೀಕ್ಷೆಗೆ ಒಪ್ಪಿಗೆ ಸಿಕ್ಕಿತು. ಮಾರನೆಯ ದಿನ ಅಲರ್ಜಿ ವಿಭಾಗದವರು ಬಂದು ಸಾಲಾಗಿ ಚುಕ್ಕೆ ಹಾಕಿದರು. ಹುಡುಗಿ ತಾನೇ ಹೇಳಿದ ಕತೆ ನಿಜವಿದ್ದರೂ ಪರೀಕ್ಷೆ ಬಿಡುವಂತಿಲ್ಲ ಎಂದು ನಮ್ಮ ಹಿರಿಯ ಡಾಕ್ಟರು ಹಟ ಹಿಡಿದಿದ್ದರು. ಪೆನ್ಸಿಲಿನ್ ನಿಜವಾಗಿ ಒಗ್ಗದವರ ಉಸಿರು ಕಟ್ಟಿಸಬಲ್ಲದು, ಅದರ ಜೊತೆ ಸಲಿಗೆ ಸಲ್ಲದು. ಕಾಯುವಷ್ಟು ಹೊತ್ತೂ ನೀಲವ್ವ ಮಗಳ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಭದ್ರವಾಗಿ ಹಿಡಿದು ಕುಳಿತಿದ್ದರು. “ಈಗ ಯಾಕಮ್ಮ ಹಿಡ್ಕೊಂಡಿದೀರಿ, ಇನ್ನು ಅವಳು ಉಜ್ಜೋದಿಲ್ಲ” ಎಂದು ಚೇಷ್ಟೆ ಮಾಡಿದೆ. “ಇರಲಿ ತಂಗಿ. ಹುಡುಗಬುದ್ಧಿ, ಹೇಳಾಕ ಬರಂಗಿಲ್ಲ” ಎಂದರು. ಅಷ್ಟು ದಿನಗಳ ಮೇಲೆ ಮೊದಲ ಸಲ ಗಿರಿಜಾ ನಕ್ಕಳು. ಉಬ್ಬಬೇಕಾದ ಚುಕ್ಕೆ ಒಂದೇ ಉಬ್ಬಿತು. ಪೆನ್ಸಿಲಿನ್ನಿನ ಚುಕ್ಕೆಗಳು ನೀರಿನ ಚುಕ್ಕೆಯಷ್ಟೇ ಸುಮ್ಮನಿದ್ದವು. ರೋಸಾ ಕತ್ತರಿ ತಂದು ಕೆಂಪು ಪಟ್ಟಿಯನ್ನು ಕತ್ತರಿಸಿ ಹಾಕಿದಳು.

ಹೊಸ ಶತಮಾನ ಬಂತು, ಯಾವ ಯಂತ್ರವೂ ನಿಲ್ಲಲಿಲ್ಲ. ಮೂರು ವಾರಕ್ಕೊಮ್ಮೆ ಮಹಾಂತೇಶ ಆಫೀಸಿನಿಂದ ಬೇಗ ಬಂದು ಹೆಂಡತಿಯನ್ನು ಚುಚ್ಚುಮದ್ದಿಗೆ ಕರೆತರುತ್ತಿದ್ದ. ಮುಗಿದ ಮೇಲೆ ಅವಳು ಬೇಡವೆಂದರೂ ಕೈ ಹಿಡಿದು ಕಾರಿನವರೆಗೆ ನಡೆಸುತ್ತಿದ್ದ. ಜ್ವರ ಮತ್ತೆ ಬರಲಿಲ್ಲ. ಮರಗಳು ಚಿಗುರುವ ಹೊತ್ತಿಗೆ ಮಗಳು ಹುಟ್ಟಿದಳು, ತಾಯಿ ಮಗು ಇಬ್ಬರೂ ಕ್ಷೇಮ. ಮುಂದೆ ಅವರು ಟೆಕ್ಸಾಸಿಗೆ ಹೋದರು, ಫೋನು ವಿರಳವಾಯಿತು, ನಿಂತಿತು. ಇಲ್ಲಿ ಸಂಬಂಧಗಳು ನಡೆಯುವುದು ಹಾಗೆಯೇ, ದೂರಿಗೆ ಜಾಗವಿಲ್ಲ.

ಆದರೆ ಆ ಚಳಿಗಾಲವೆಂದರೆ ನನಗೆ ಕಣ್ಣಿಗೆ ಕಟ್ಟುವುದು ಮೊದಲ ಚುಚ್ಚುಮದ್ದಿನ ಮಧ್ಯಾಹ್ನ. ಫ್ರಿಜ್‌ನಿಂದ ತೆಗೆದ ಸಿರಿಂಜನ್ನು ರೋಸಾ ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡುತ್ತಿದ್ದಳು, ತಣ್ಣಗಿದ್ದರೆ ಇನ್ನೂ ಹೆಚ್ಚು ನೋಯುತ್ತದೆಂದು. ಒಳಗೆ ಗಂಜಿಯಂಥ ಬಿಳಿ ದ್ರವ. ಗಿರಿಜಾ ಮಗ್ಗುಲಾಗಿ ಮಲಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ನೀಲವ್ವ ತಲೆಯ ಬಳಿ ನಿಂತರು. ಸೂಜಿ ಇಳಿಯಿತು. ಆ ಮದ್ದನ್ನು ಅವಸರದಲ್ಲಿ ತಳ್ಳುವಂತಿಲ್ಲ, ರೋಸಾ ನಿಧಾನವಾಗಿ, ಬಹಳ ನಿಧಾನವಾಗಿ ತಳ್ಳುತ್ತಿದ್ದಳು. ಗಿರಿಜಾ ಹಲ್ಲು ಕಚ್ಚಿ, ಕಣ್ಣು ಬಿಗಿಯಾಗಿ ಮುಚ್ಚಿ, ಒಂದು ಸದ್ದೂ ಮಾಡದೆ ಮಲಗಿದ್ದಳು.

ನೀಲವ್ವ ಬಾಗಿ ಅವಳ ಕೆನ್ನೆಗೆ ಕೆನ್ನೆ ಒತ್ತಿದರು. “ಅಳವ್ವಾ” ಎಂದರು. “ಅಳು. ಇಲ್ಲಿ ಯಾರ ನಗ್ತಾರ? ನಾ ಅದೀನಿ, ಜೋರಾಗಿ ಅಳು.”

ಗಿರಿಜಾ ಬಾಯಿ ತೆರೆದು ಅತ್ತಳು. ಸಣ್ಣ ಹುಡುಗಿಯರು ಅಳುವ ಹಾಗೆ, “ಅವ್ವಾ, ನೋಯ್ತೈತಿ, ನೋಯ್ತೈತಬೇ ಅವ್ವಾ” ಎಂದು ಇಡೀ ವಾರ್ಡಿಗೆ ಕೇಳುವಂತೆ ಅತ್ತಳು. ರೋಸಾ ಗಾಬರಿಯಾಗಿ ಕೈ ನಿಲ್ಲಿಸಿ, ನಿಲ್ಲಿಸಲಾ ಎಂದು ನನ್ನನ್ನು ಕೇಳಿದಳು.

“ಬೇಡ, ಮುಂದುವರಿಸು” ಎಂದೆ. “ನಮಗಲ್ಲ, ತನ್ನ ಅಮ್ಮನಿಗೆ ಹೇಳುತ್ತಿದ್ದಾಳೆ.”